ಗಣಿತದ ಅಂಕವೋ, ಇಂಗ್ಲಿಷಿನ ಅಂಕವೋ? ಅಮೆರಿಕದ ಪರೀಕ್ಷಾ ಸೌಲಭ್ಯಗಳು ಬಂದ ದಾರಿ

1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳ ಪರವಾಗಿ ಒಂದು ದಾವೆ ದಾಖಲಾಯಿತು. ಐಕ್ಯೂ ಪರೀಕ್ಷೆಯ ಅಂಕ ನೋಡಿ ಈ ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಆದರೆ ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ. ಎರಡೂ ಭಾಷೆ ಬಲ್ಲವರು ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರ ಅಂಕ ಬುದ್ಧಿಮಾಂದ್ಯರೆಂದು ಗುರುತಿಸುವ ಗೆರೆಯಿಂದ ಮೇಲಿತ್ತು. 'ಡಯಾನಾ' ಪ್ರಕರಣವೆಂದೇ ಹೆಸರಾದ ಈ ದಾವೆ ಒಂದು ಪ್ರಶ್ನೆಯನ್ನು ಮುಂದಿಟ್ಟಿತು: ಈ ಅಂಕ ನಿಜಕ್ಕೂ ಅಳೆದದ್ದು ಏನನ್ನು? ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವುದು, ಪದಕೋಶ ಹೀಗೆ ಮುಂದೆ ಬಂದ ಎಲ್ಲ ಪರೀಕ್ಷಾ ಸೌಲಭ್ಯಗಳೂ ಈ ಪ್ರಶ್ನೆಗೆ ಹುಡುಕಿದ ಉತ್ತರಗಳೇ.

ಕಾನೂನು ಎರಡು ದಾರಿಯಲ್ಲಿ ಬಂತು. ಅಂಗವೈಕಲ್ಯದ ಕಡೆಯಿಂದ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಬಂತು; ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ, ಸಂಸ್ಥೆಗಳು ಅಂಗವಿಕಲರಿಗೆ ಭೇದ ಮಾಡಬಾರದು ಎಂದಿತು ಅದು. ಅದರ ನಿಯಮಗಳಿಗೆ ಸಹಿ ಬೀಳಲು 1977ರಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ವಾರಗಟ್ಟಲೆ ಧರಣಿ ಕೂರಬೇಕಾಯಿತು. ನಡುವೆ, 1975ರ ಶಿಕ್ಷಣ ಕಾಯ್ದೆ ವಿಶೇಷ ಶಿಕ್ಷಣ ಬೇಕಾದ ಪ್ರತಿ ಅಂಗವಿಕಲ ಮಗುವಿಗೂ ಪ್ರತ್ಯೇಕ ಕಲಿಕಾ ಯೋಜನೆ, ಅಂದರೆ ಐಇಪಿ ಬರೆಯಬೇಕೆಂದಿತು. ಭಾಷೆಯ ಕಡೆಯಿಂದ 1974ರ 'ಲಾವ್' ತೀರ್ಪು ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಭಾಷೆ ಕಲಿಸುವ ವಿಶೇಷ ನೆರವು ಸಿಕ್ಕಿರಲಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನ ಅವಕಾಶ ಕೊಟ್ಟಂತಾಗುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್.

ಇಷ್ಟಾದರೂ ಮುಂದಿನ ಎರಡು ದಶಕ ಈ ಮಕ್ಕಳಲ್ಲಿ ಅನೇಕರು ರಾಜ್ಯ ಪರೀಕ್ಷೆಗಳಿಂದ ಹೊರಗೇ ಉಳಿದರು. ಹೊರಗಿಡುವುದನ್ನು ದಯೆ ಎಂದು ಭಾವಿಸಿದ್ದರು. ಆದರೆ ಲೆಕ್ಕಕ್ಕೆ ಸಿಗದ ಮಗುವಿಗೆ ಯಾರೂ ಉತ್ತರದಾಯಿಗಳಲ್ಲ. ರಾಷ್ಟ್ರಮಟ್ಟದ 'ನೇಪ್' ಪರೀಕ್ಷೆಯಲ್ಲೂ 1996ರವರೆಗೆ ಸೌಲಭ್ಯಗಳೇ ಇರಲಿಲ್ಲ. 1975ರ ಕಾಯ್ದೆಗೆ 1997ರಲ್ಲಿ ಬಂದ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ರಾಜ್ಯ ಮತ್ತು ಜಿಲ್ಲಾ ಪರೀಕ್ಷೆಗಳಿಗೆ ಸೇರಿಸಲೇಬೇಕು, ಬೇಕಾದ ಸೌಲಭ್ಯ ಕೊಡಲೇಬೇಕು ಎಂದಿತು. 2002ರ ಜನವರಿಯಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಮ್ಮೆ ಓದು ಮತ್ತು ಗಣಿತದ ಪರೀಕ್ಷೆ ಇಟ್ಟಿತು. ಪ್ರತಿ ಗುಂಪಿನ ಶೇ. 95ರಷ್ಟು ಮಕ್ಕಳು ಬರೆಯಲೇಬೇಕೆಂಬ ಷರತ್ತನ್ನೂ ಹಾಕಿತು. ಈ ಕಾಯ್ದೆಯ ಬಗ್ಗೆ ದೂರುಗಳು ನೂರಿರಲಿ, ಇಂಗ್ಲಿಷ್ ಕಲಿಯುವ ಮಕ್ಕಳನ್ನೂ ಅಂಗವಿಕಲ ಮಕ್ಕಳನ್ನೂ ಪ್ರತ್ಯೇಕ ಸಾಲಿನಲ್ಲಿ ಎಣಿಸುವಂತೆ ಮಾಡಿದ್ದು ದೊಡ್ಡ ಕೆಲಸ.

ಒಳಗೆ ಕೂರಿಸಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಯಾವ ಸೌಲಭ್ಯ ಅಡ್ಡಿಯನ್ನಷ್ಟೇ ತೆಗೆಯುತ್ತದೆ, ಯಾವುದು ಉತ್ತರವನ್ನೇ ಕೊಟ್ಟುಬಿಡುತ್ತದೆ? ಗಣಿತದ ಪ್ರಶ್ನೆಯನ್ನು ಓದಿ ಹೇಳಿದರೆ ಗಣಿತ ಗಣಿತವಾಗಿಯೇ ಉಳಿಯುತ್ತದೆ. ಅಕ್ಷರ ಕೂಡಿಸಿ ಓದುವುದನ್ನೇ ಅಳೆಯುವ ಪರೀಕ್ಷೆಯಲ್ಲಿ ಪಾಠವನ್ನು ಓದಿ ಹೇಳಿದರೆ ಅದು ಕೇಳುವ ಪರೀಕ್ಷೆಯಾಗಿಬಿಡುತ್ತದೆ. ಗಣಿತದಲ್ಲೂ ಎಚ್ಚರ ಬೇಕು. '1,204 ಅನ್ನು ಅಕ್ಷರದಲ್ಲಿ ಬರೆದದ್ದು ಯಾವುದು' ಎಂಬ ಪ್ರಶ್ನೆಯಲ್ಲಿ ಓದುವವರು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದರೆ ಉತ್ತರ ಹೊರಬಿತ್ತೆಂದೇ ಅರ್ಥ. ಸರಿ ಆಯ್ಕೆಯನ್ನು ಓದುವಾಗ ದನಿ ತುಸು ಏರಿದರೂ ಅಷ್ಟೇ. ಅದಕ್ಕೇ ಓದುವವರಿಗೆ ಲಿಖಿತ ನಿಯಮಗಳಿರುತ್ತವೆ. ಎಷ್ಟೋ ಕಡೆ ಕಂಪ್ಯೂಟರ್ ದನಿಯನ್ನೇ ಬಳಸುತ್ತಾರೆ.

ಭಾಷೆಯ ಅಡ್ಡಿ ಇನ್ನೂ ಸೂಕ್ಷ್ಮ. ಆಗಷ್ಟೇ ದೇಶಕ್ಕೆ ಬಂದ ಮಗುವಿನ ಮುಂದೆ 'ಕ್ವಾರ್ಟರ್' ಎಂಬ ಪದವಿದೆ ಎನ್ನಿ. ಅದು ಕಾಲು ಭಾಗ, 25 ಸೆಂಟಿನ ನಾಣ್ಯ, ಮೂರು ತಿಂಗಳ ಅವಧಿ, ಮೂರೂ ಆಗಬಹುದು. ಭಿನ್ನರಾಶಿ ಚೆನ್ನಾಗಿಯೇ ಗೊತ್ತಿರುವ ಮಗು ನಾಣ್ಯ ಗೊತ್ತಿಲ್ಲದೆ ಸೋಲುತ್ತದೆ. 'ಟೇಬಲ್' ಎಂದರೆ ಮೇಜು ಎಂದು ಕಲಿತ ಮಗು 'ಟೇಬಲ್ ನೋಡಿ ಉತ್ತರಿಸಿ' ಎಂದರೆ ತನ್ನ ಮೇಜನ್ನೇ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕ ಜಮಾಲ್ ಅಬೇದಿ ಮತ್ತು ಸಂಗಡಿಗರು 1990ರ ದಶಕದಿಂದ ಇದನ್ನೇ ಪರೀಕ್ಷಿಸಿದರು. ಗಣಿತವನ್ನು ಮುಟ್ಟದೆ ವಾಕ್ಯವನ್ನಷ್ಟೇ ಬಿಡಿಸಿ ಬರೆದರೆ ಏನಾಗುತ್ತದೆ? ಕರ್ಮಣಿ ಪ್ರಯೋಗ ತೆಗೆದು, ಉದ್ದ ವಾಕ್ಯ ಮುರಿದು, ಅಪರೂಪದ ಪದ ಬದಲಿಸಿದಾಗ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಅನುಕೂಲವಾಯಿತು. ಇನ್ನೊಂದು ಫಲಿತಾಂಶವನ್ನು ಪೋಷಕರೂ ಶಾಲೆಗಳೂ ಗಮನಿಸಬೇಕು. ಮಗು ಗಣಿತ ಕಲಿತದ್ದು ಇಂಗ್ಲಿಷಿನಲ್ಲಾದರೆ, ಮನೆಮಾತಿಗೆ ಅನುವಾದಿಸಿದ ಪ್ರಶ್ನೆಪತ್ರಿಕೆ ನೆರವಾಗುವುದಿಲ್ಲ. ಛೇದ, ಸಮೀಕರಣ ಇವಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಲವು ರಾಜ್ಯಗಳು ಸೇರಿ ರೂಪಿಸಿದ, 2014–15ರಲ್ಲಿ ಪೂರ್ಣವಾಗಿ ಶುರುವಾದ 'ಸ್ಮಾರ್ಟರ್ ಬ್ಯಾಲೆನ್ಸ್ಡ್' ಪರೀಕ್ಷೆ ಸೌಲಭ್ಯಗಳನ್ನು ಮೂರು ಪದರವಾಗಿ ಜೋಡಿಸಿತು. ಅಕ್ಷರ ಹಿಗ್ಗಿಸುವುದು, ಗೆರೆ ಎಳೆದು ಗುರುತು ಹಾಕುವುದು ಎಲ್ಲ ಮಕ್ಕಳಿಗೂ ಸಿಗುತ್ತದೆ. ಗಣಿತಕ್ಕೆ ಅನುವಾದಿತ ಪದಕೋಶ, ಸ್ಪ್ಯಾನಿಷ್ ಜೊತೆಜೊತೆಗೆ ಇಂಗ್ಲಿಷ್ ಇರುವ ಪ್ರಶ್ನೆಪತ್ರಿಕೆ ಇತ್ಯಾದಿಗೆ ಮಗುವನ್ನು ಬಲ್ಲ ಶಿಕ್ಷಕರ ನಿರ್ಧಾರ ಸಾಕು. ಬ್ರೈಲ್, ಸನ್ನೆ ಭಾಷೆ, ಓದಿನ ಪಾಠಕ್ಕೆ ಕಂಪ್ಯೂಟರ್ ದನಿ ಬೇಕಾದರೆ ಐಇಪಿಯಲ್ಲಿ ಅಥವಾ 504ನೇ ಸೆಕ್ಷನ್ನಿನಡಿ ಮಗುವಿಗೆ ಬರೆಯುವ '504 ಯೋಜನೆ'ಯಲ್ಲಿ ಬರೆದಿರಲೇಬೇಕು. ಇಂಗ್ಲಿಷ್ ಬಾರದಿರುವುದು ಅಂಗವೈಕಲ್ಯವಲ್ಲ, ಆದ್ದರಿಂದ ಅದೊಂದೇ ಕಾರಣಕ್ಕೆ ಐಇಪಿ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಓಡಾಡುವ ಪೋಷಕರು ಬಹಳ.

ಎಡವುವುದು ಸಾಮಾನ್ಯವಾಗಿ ಕಾಗದದಲ್ಲಿ. 'ಅಗತ್ಯವಿದ್ದಷ್ಟು ಹೆಚ್ಚುವರಿ ಸಮಯ' ಎಂದು ಬರೆದರೆ ಪರೀಕ್ಷೆಯ ದಿನ ಒಬ್ಬೊಬ್ಬರೂ ಒಂದೊಂದು ಅರ್ಥ ಮಾಡುತ್ತಾರೆ. 'ಒಂದೂವರೆ ಪಟ್ಟು' ಎಂದು ಬರೆದರೆ 60 ನಿಮಿಷದ ಭಾಗ 90 ನಿಮಿಷ, ವಾದಕ್ಕೆ ಜಾಗವಿಲ್ಲ. ಕಂಪ್ಯೂಟರ್ ಪರೀಕ್ಷೆಯಾದರೆ ಪ್ರತಿ ಮಗುವಿನ ಸೆಟ್ಟಿಂಗನ್ನು ಮೊದಲೇ ವ್ಯವಸ್ಥೆಗೆ ತುಂಬಬೇಕು. ಕಡತದಲ್ಲಿದ್ದು ಯಂತ್ರದಲ್ಲಿ ಇಲ್ಲದಿದ್ದರೆ ಮಗು ಹೆಡ್‌ಫೋನ್ ಹಾಕಿಕೊಂಡು ಮೌನವನ್ನೇ ಕೇಳುತ್ತಾ ಕೂರುತ್ತದೆ. ತರಗತಿಯಲ್ಲಿ ಎಂದೂ ಬಳಸದ ಪದಕೋಶವನ್ನು ಅಂದೇ ಕೈಗಿತ್ತರೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ. ಪದಕ್ಕೆ ಪದವಷ್ಟೇ ಇರುವ, ಅರ್ಥವಿವರಣೆ ಇಲ್ಲದ ಪದಕೋಶವನ್ನೇ ಕೊಡಬೇಕು, ಜೊತೆಗೆ ಸಮಯವನ್ನೂ ಹೆಚ್ಚಿಸಬೇಕು. ಪಟ್ಟಿಯಲ್ಲಿರುವ ಎಲ್ಲ ಚೌಕಕ್ಕೂ ಟಿಕ್ ಹಾಕುವುದು ಸುರಕ್ಷಿತ ಎನಿಸುತ್ತದೆ. ಅದು ತಪ್ಪು. ಬೇಡದ ದನಿ, ಬೇಡದ ಪ್ರತ್ಯೇಕ ಕೊಠಡಿ ಮಗುವನ್ನು ನಿಧಾನ ಮಾಡುತ್ತವೆ.

ಎರಡೂ ದಾರಿ ಕೂಡುವ ಜಾಗದಲ್ಲಿ, ಇಂಗ್ಲಿಷ್ ಕಲಿಯುತ್ತಿರುವ ಅಂಗವಿಕಲ ಮಗುವಿನ ಪಾಲಿಗೆ, ಕೆಲಸ ಇನ್ನೂ ಬಾಕಿಯಿದೆ. ಇಂಗ್ಲಿಷ್ ಸಾಮರ್ಥ್ಯದ ವಾರ್ಷಿಕ ಪರೀಕ್ಷೆಯಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಭಾಗಗಳಿವೆ. ಕಿವುಡ ಮಗುವಿಗೆ ಕೇಳುವ ಭಾಗದಲ್ಲಿ ಯಾವ ಸೌಲಭ್ಯವೂ ಒಗ್ಗದಿದ್ದರೆ ಉಳಿದ ಭಾಗಗಳಿಂದಲೇ ಅಳೆಯಬೇಕೆಂದು 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಬದಲಿಗೆ ಬಂದ 2015ರ ಕಾಯ್ದೆಯಡಿಯ ನಿಯಮ ಹೇಳುತ್ತದೆ. ಇದನ್ನು ಐಇಪಿ ಸಭೆಯಲ್ಲೇ ತೀರ್ಮಾನಿಸಿ ಬರೆಸಿಡಬೇಕು. ಬರೆಸದಿದ್ದರೆ ಆ ಭಾಗದ ಅಂಕ ಕೆಳಕ್ಕೆ ಎಳೆಯುತ್ತದೆ, ಇಂಗ್ಲಿಷನ್ನು ಲೀಲಾಜಾಲವಾಗಿ ಓದಿ ಬರೆಯುವ ಮಗು ವರ್ಷಗಟ್ಟಲೆ 'ಇಂಗ್ಲಿಷ್ ಕಲಿಯುತ್ತಿರುವವರ' ಪಟ್ಟಿಯಲ್ಲೇ ಉಳಿಯುತ್ತದೆ.