ಬಿಟ್ಟ ಸ್ಥಳ ತುಂಬಿರಿ: ಚೀನೀ ಮಕ್ಕಳ ಇಂಗ್ಲಿಷ್ ಅಭ್ಯಾಸದ ಇನ್ನೂರು ವರ್ಷ

ಇಂಗ್ಲಿಷ್ ಕಲಿಯಲು ಶುರು ಮಾಡಿದ ಚೀನೀ ಮಗುವಿನ ಪುಸ್ತಕ ತೆರೆದರೆ, ಕೆಲವೊಮ್ಮೆ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಮೂರು ಚೀನೀ ಅಕ್ಷರಗಳು ಸಿಗುತ್ತವೆ. ಓದಿದರೆ ‘ಸಾನ್ ಕ ಯೋ’. ಅರ್ಥ ನೋಡಿದರೆ ‘ಮೂರು ಗ್ರಾಂ ಎಣ್ಣೆ’. ಮಗು ಬರೆದುಕೊಂಡಿರುವುದು ‘ಥ್ಯಾಂಕ್ ಯೂ’ ಅನ್ನುವುದನ್ನು. ‘ಗುಡ್ ಮಾರ್ನಿಂಗ್’ ಬರೆಯಲು ಹೋದರೆ ಅದರೊಳಗೆ ಒಂದು ಬೆಕ್ಕು ಬಂದು ಕೂರುತ್ತದೆ. ಯಾಕೆಂದರೆ ‘ಮಾರ್’ಗೆ ಹತ್ತಿರದ ಸದ್ದು ‘ಮಾವ್’, ಆ ಅಕ್ಷರದ ಅರ್ಥ ಬೆಕ್ಕು.

ನಮ್ಮ ಮಕ್ಕಳೂ ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ಅಲ್ವಾ? ಆದರೆ ನಮಗೆ ಅಕ್ಷರ ಅಂದರೆ ಬರೀ ಸದ್ದು. ಒತ್ತು, ದೀರ್ಘ ಹಾಕಿದರೆ ಬಹುತೇಕ ಸರಿಯಾಗಿಯೇ ಬರುತ್ತದೆ. ಚೀನೀ ಅಕ್ಷರ ಹಾಗಲ್ಲ. ಪ್ರತಿಯೊಂದೂ ಸದ್ದಿನ ಜೊತೆ ತನ್ನದೊಂದು ಅರ್ಥವನ್ನೂ ಹೊತ್ತುಕೊಂಡೇ ಬರುತ್ತದೆ. ಇಂಗ್ಲಿಷಿಗೂ ಚೀನೀ ಭಾಷೆಗೂ ಇರುವ ದೂರ ಮೊದಲ ದಿನವೇ ಹೀಗೆ ಪುಸ್ತಕದ ಅಂಚಿನಲ್ಲಿ ಕಾಣಿಸಿಬಿಡುತ್ತದೆ.

ಚೀನಾದಲ್ಲಿ ‘ಯಾಬಾ ಯಿಂಗ್ಯು’ ಅನ್ನುವ ಮಾತಿದೆ. ಮೂಕ ಇಂಗ್ಲಿಷ್ ಅಂತ ಅರ್ಥ. ಹತ್ತು ವರ್ಷ ಓದಿ, ಸಾವಿರಾರು ಪದ ಉರು ಹೊಡೆದು, ವ್ಯಾಕರಣದಲ್ಲಿ ನೂರಕ್ಕೆ ತೊಂಬತ್ತು ತೆಗೆದರೂ ಎದುರಿಗೆ ಒಬ್ಬ ವಿದೇಶಿ ಬಂದು ನಿಂತರೆ ಬಾಯಿ ಕಟ್ಟುತ್ತದೆ. ಇದಕ್ಕೆ ಸಾಮಾನ್ಯವಾಗಿ ಮಕ್ಕಳನ್ನೋ ಮೇಷ್ಟ್ರನ್ನೋ ಬೈಯುತ್ತಾರೆ. ಅದು ಸರಿಯಲ್ಲ ಅನ್ನಿಸುತ್ತದೆ ನನಗೆ. ಅವರ ಅಭ್ಯಾಸ ಪುಸ್ತಕಗಳು ಈಗ ಇರುವ ಹಾಗೆ ಆಗಿದ್ದಕ್ಕೆ ಇನ್ನೂರು ವರ್ಷದ ಕಾರಣಗಳಿವೆ.

ಮೊದಲು ಬಾಯಿಯೇ ಮುಂದಿತ್ತು. 1757ರಿಂದ 1842ರವರೆಗೆ ಪಶ್ಚಿಮದ ವ್ಯಾಪಾರಿಗಳಿಗೆ ಚೀನಾದಲ್ಲಿ ತೆರೆದಿದ್ದ ಬಾಗಿಲು ಗ್ವಾಂಗ್‌ಜೌ ಬಂದರು ಒಂದೇ. ಅಲ್ಲಿನ ಅಂಗಡಿಯವರು, ಆಳುಗಳು, ದಲ್ಲಾಳಿಗಳು ಬ್ರಿಟಿಷರ ಜೊತೆ ಒಡಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅದನ್ನು ಕಲಿಯಲು ಕೆಲವೇ ಹಾಳೆಗಳ ಸಣ್ಣ ಪುಸ್ತಕಗಳು ಬೀದಿಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದವು. ‘ಕೆಂಪು ಕೂದಲಿನವರ ಮಾತು’ ಅಂತ ಅದಕ್ಕೆ ಹೆಸರು. ಒಳಗೆ ಚೀನೀ ಪದ, ಪಕ್ಕದಲ್ಲಿ ಇಂಗ್ಲಿಷ್ ಪದದ ಸದ್ದನ್ನು ಚೀನೀ ಅಕ್ಷರದಲ್ಲೇ ಹಿಡಿದಿಟ್ಟ ಸಾಲು. ಇಂಗ್ಲಿಷ್ ಲಿಪಿ ಒಂದಕ್ಷರವೂ ಇಲ್ಲ, ವ್ಯಾಕರಣವಂತೂ ಇಲ್ಲವೇ ಇಲ್ಲ. ಚೀನೀ ವಾಕ್ಯದ ಕ್ರಮದಲ್ಲೇ ಇಂಗ್ಲಿಷ್ ಪದ ಜೋಡಿಸಿದರೆ ಆಯಿತು. ‘ಲುಕ್-ಸೀ’, ‘ಚಾಪ್-ಚಾಪ್’, ‘ನೋ ಕ್ಯಾನ್ ಡೂ’ ಎಲ್ಲ ಆ ಬಂದರಿನ ಮಾತುಗಳು. ಮೂರು ಗ್ರಾಂ ಎಣ್ಣೆ ಬರೆಯುವ ಇವತ್ತಿನ ಮಗು ಆ ಅಂಗಡಿಯವರ ದಾರಿಯಲ್ಲೇ ನಡೆಯುತ್ತಿದೆ.

ಬ್ರಿಟನ್ ಚೀನಾದ ಮೇಲೆ ನಡೆಸಿದ ಅಫೀಮು ಯುದ್ಧಗಳು ಎಲ್ಲವನ್ನೂ ಬದಲಿಸಿದವು. 1858ರಲ್ಲಿ ಬ್ರಿಟನ್ ಜೊತೆ ಆದ ತ್ಯಾನ್‌ಜಿನ್ ಒಪ್ಪಂದದಲ್ಲಿ ಒಂದು ಕಲಂ ಇದೆ. ಇನ್ನು ಮುಂದೆ ಬ್ರಿಟಿಷ್ ಅಧಿಕಾರಿಗಳು ಇಂಗ್ಲಿಷಿನಲ್ಲೇ ಪತ್ರ ಬರೆಯುತ್ತಾರೆ, ಸದ್ಯಕ್ಕೆ ಮಾತ್ರ ಚೀನೀ ಅನುವಾದ ಜೊತೆಗಿರುತ್ತದೆ, ಎರಡರ ಅರ್ಥದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷಿನದೇ ಸರಿ ಅಂತ. ಸೋತ ದೇಶಕ್ಕೆ ಇದರ ಅರ್ಥ ಏನು ಯೋಚಿಸಿ. ಒಂದು ಪದ ತಪ್ಪಾಗಿ ಓದಿದರೆ ಒಂದು ಬಂದರೇ ಕೈತಪ್ಪಬಹುದು. ಬೀದಿಯ ಇಂಗ್ಲಿಷ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಾಗದ ಹಿಡಿದು ಸಾಲು ಸಾಲು ಬಿಡಿಸಿ ಓದುವವರು ಬೇಕು.

ಅದಕ್ಕಾಗಿಯೇ 1862ರಲ್ಲಿ ಬೀಜಿಂಗ್‌ನಲ್ಲಿ ‘ಥೋಂಗ್‌ವೆನ್ ಗ್ವಾನ್’ ಅನ್ನುವ ಸರ್ಕಾರಿ ಭಾಷಾಶಾಲೆ ಶುರುವಾಯಿತು. ಮೊದಲ ತರಗತಿಯಲ್ಲಿ ಇದ್ದದ್ದು ಹತ್ತೇ ಹುಡುಗರು. ಅದೇ ವರ್ಷ ಗ್ವಾಂಗ್‌ಜೌನಲ್ಲಿ ಥಾಂಗ್ ತಿಂಗ್‌ಶು ಎಂಬಾತ ಆರು ಸಂಪುಟದ ಇಂಗ್ಲಿಷ್ ಕಲಿಕೆ ಪುಸ್ತಕ ಅಚ್ಚು ಹಾಕಿಸಿದ. ಮಿಷನರಿ ಶಾಲೆಯಲ್ಲಿ ಓದಿದ ಈತ ಮುಂದೆ ಬ್ರಿಟಿಷ್ ಕಂಪನಿಯ ದೊಡ್ಡ ಮಧ್ಯವರ್ತಿಯಾದವನು. ಒಂದೇ ವರ್ಷದಲ್ಲಿ ಎರಡು ದಾರಿ ನೋಡಿ. ಒಂದು ಸರ್ಕಾರಿ ಕಾಗದ ಓದಲು, ಇನ್ನೊಂದು ವ್ಯಾಪಾರದ ಮಾತಾಡಲು. ಗೆದ್ದದ್ದು ಕಾಗದದ ದಾರಿ. 1891ರ ಹೊತ್ತಿಗೆ ಗ್ವಾಂಗ್‌ಶು ಚಕ್ರವರ್ತಿಯೇ ಆ ಶಾಲೆಯಲ್ಲಿ ಓದಿದವರಿಂದ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳುತ್ತಿದ್ದ.

ಈ ಕಥೆಯಲ್ಲಿ ನಮ್ಮ ದೇಶವೂ ಇದೆ. 1897ರಲ್ಲಿ ಶಾಂಘೈಯಲ್ಲಿ ಶ್ಯಾ ರುಯ್‌ಫಾಂಗ್ ಮತ್ತು ಗೆಳೆಯರು ಒಂದು ಸಣ್ಣ ಮುದ್ರಣಾಲಯ ತೆರೆದರು. ಮುಂದೆ ಚೀನಾದ ದೊಡ್ಡ ಪ್ರಕಾಶನ ಸಂಸ್ಥೆಯಾದ ಕಮರ್ಷಿಯಲ್ ಪ್ರೆಸ್ ಅದು. ಅದಕ್ಕೆ ಮೊದಲ ಗೆಲುವು ತಂದುಕೊಟ್ಟದ್ದು 1898ರ ಒಂದು ಇಂಗ್ಲಿಷ್ ಪ್ರೈಮರ್, ಅಂದರೆ ಮೊದಲ ಪಾಠದ ಪುಸ್ತಕ. ಆ ಪ್ರೈಮರ್ ಬ್ರಿಟಿಷರು ಭಾರತದ ಶಾಲಾಮಕ್ಕಳಿಗೆ ಅಂತ ಮಾಡಿದ್ದು! ಶಾಂಘೈಯ ಶಾಲೆಗಳಲ್ಲಿ ಅದನ್ನು ಹಾಗೇ ಓದಿಸುತ್ತಿದ್ದರು, ಹುಡುಗರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಶ್ಯೆ ಹೊಂಗ್‌ಲಾಯ್ ಎಂಬವರು ಪ್ರತಿ ಪದಕ್ಕೂ ಪಕ್ಕದಲ್ಲಿ ಚೀನೀ ಅರ್ಥ ಬರೆದುಕೊಟ್ಟರು. ಅಷ್ಟೇ ಮಾಡಿದ್ದು. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರ್ಥ ಅನ್ನುವ ಅಭ್ಯಾಸ ಪುಸ್ತಕದ ಅಚ್ಚು ಅಲ್ಲಿಂದ ಇಲ್ಲಿಯವರೆಗೂ ಬಂದಿದೆ. ನಮ್ಮ ಮುತ್ತಜ್ಜಂದಿರ ಕಾಲದ ಮಕ್ಕಳಿಗೆ ಅಂತ ಬರೆದ ಸಾಲುಗಳಿಂದ ಶಾಂಘೈ ಮಕ್ಕಳು ಇಂಗ್ಲಿಷ್ ಕಲಿತರು ಅಂದರೆ ನನಗೆ ಇನ್ನೂ ಬೆರಗೇ.

ಇನ್ನು ವ್ಯಾಕರಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಚೀನೀ ಕಲಿಯುವವರ ಕಷ್ಟ ಇಲ್ಲೇ ಜಾಸ್ತಿ. ಚೀನೀ ಭಾಷೆಯಲ್ಲಿ ಕ್ರಿಯಾಪದದ ರೂಪ ಬದಲಾಗುವುದೇ ಇಲ್ಲ. ಹೋಗುವುದಕ್ಕೆ ‘ಛ್ಯು’. ನಿನ್ನೆಯಾದರೂ ‘ಛ್ಯು’, ನಾಳೆಯಾದರೂ ‘ಛ್ಯು’, ಅವನಾದರೂ ಅವರಾದರೂ ‘ಛ್ಯು’. ‘ಹೋದಳು, ಹೋಗುತ್ತಾನೆ, ಹೋಗುವರು’ ಅಂತ ದಿನವಿಡೀ ರೂಪ ಬದಲಿಸುವ ನಮಗೆ ಇಂಗ್ಲಿಷಿನ ‘ಗೋ, ಗೋಸ್, ವೆಂಟ್’ ಹೊಸದಿರಬಹುದು, ವಿಚಿತ್ರ ಅನ್ನಿಸುವುದಿಲ್ಲ. ಚೀನೀ ಮಗುವಿಗೆ ಆ ಯೋಚನೆಯೇ ಹೊಸದು. ಮಾತಾಡುವಾಗ ‘ಅವನು’, ‘ಅವಳು’ ಎರಡಕ್ಕೂ ‘ಥಾ’ ಒಂದೇ. ಬರವಣಿಗೆಯಲ್ಲಿ ‘ಅವಳು’ ಅನ್ನುವುದಕ್ಕೆ ಬೇರೆ ಅಕ್ಷರ ಬಳಕೆಗೆ ಬಂದಿದ್ದೇ 1920ರ ಹೊತ್ತಿಗೆ. ಅದಕ್ಕೇ ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಅಮ್ಮನ ವಿಷಯ ಹೇಳುತ್ತಾ ಹೇಳುತ್ತಾ ‘ಹೀ’ ಅಂದುಬಿಡುತ್ತಾರೆ.

ಒಂದು ಕಡೆ ಮಾತ್ರ ನಾವೂ ಅವರೂ ಒಂದೇ ದೋಣಿಯಲ್ಲಿದ್ದೇವೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಅನ್ನುವುದನ್ನು ಚೀನೀಯಲ್ಲಿ ‘ವೊ ಜುವೊಥ್ಯನ್ ಮಾಯ್ ದ ಶು’ ಅನ್ನುತ್ತಾರೆ. ನಾನು, ನಿನ್ನೆ, ಕೊಂಡ, ಪುಸ್ತಕ. ಕ್ರಮ ಪದಕ್ಕೆ ಪದ ಕನ್ನಡದ್ದೇ. ಇಂಗ್ಲಿಷ್ ಇದನ್ನು ತಿರುವಿಹಾಕುತ್ತದೆ: ಮೊದಲು ಪುಸ್ತಕ, ಆಮೇಲೆ ಅದರ ಬಾಲ. ಆ ಬಾಲಕ್ಕೆ ಇನ್ನೊಂದು ಬಾಲ ಸೇರಿದರೆ ಓದುವವರು ನಡುದಾರಿಯಲ್ಲಿ ಕಳೆದುಹೋಗುತ್ತಾರೆ. ಚೀನೀ ಮೇಷ್ಟ್ರುಗಳು ಇಂಥವನ್ನು ‘ಛಾಂಗ್ ನಾನ್ ಜು’, ಅಂದರೆ ‘ಉದ್ದದ ಕಷ್ಟದ ವಾಕ್ಯ’ ಅಂತ ಕರೆದು, ಅದಕ್ಕೇ ಬೇರೆ ಅಭ್ಯಾಸ ಮಾಡಿಸುತ್ತಾರೆ. ಮುಖ್ಯ ಕ್ರಿಯಾಪದ ಹುಡುಕಿ ಅಡಿಗೆರೆ ಹಾಕು, ಬಾಲಗಳಿಗೆ ಆವರಣ ಹಾಕು, ಆಮೇಲೆ ಓದು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪಠ್ಯದ ಜೊತೆ ಗುದ್ದಾಡುವ ನಮ್ಮ ಮಕ್ಕಳಿಗೂ ಇದು ಚೆನ್ನಾಗಿ ಒಗ್ಗುತ್ತದೆ.

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಇಂಗ್ಲಿಷಿನ ಬಾಗಿಲು ಮುಚ್ಚುತ್ತಾ ತೆರೆಯುತ್ತಾ ಇತ್ತು. 1950ರ ದಶಕದಲ್ಲಿ ಸೋವಿಯತ್ ಸ್ನೇಹ, ಹಾಗಾಗಿ ರಷ್ಯನ್ ಭಾಷೆಗೆ ಮಣೆ. ಆ ಸ್ನೇಹ ಮುರಿದ ಮೇಲೆ 1964ರ ಯೋಜನೆಯಲ್ಲಿ ಇಂಗ್ಲಿಷ್ ಮತ್ತೆ ಮೊದಲ ವಿದೇಶಿ ಭಾಷೆಯಾಯಿತು. ಎರಡೇ ವರ್ಷಕ್ಕೆ, ಹಳೆಯದನ್ನೂ ವಿದೇಶಿಯದನ್ನೂ ಕಿತ್ತೊಗೆಯಹೊರಟ ಮಾವೋನ ಸಾಂಸ್ಕೃತಿಕ ಕ್ರಾಂತಿ ಬಂತು. ಇಂಗ್ಲಿಷ್ ಪಾಠ ಉಳಿದ ಕಡೆಯಲ್ಲೂ ಅದು ಮಾವೋಗೆ ಜೈಕಾರ ಹೇಳುವ ಘೋಷಣೆಗಳ ಪಾಠವಾಯಿತು.

1973ರ ಒಂದು ಘಟನೆ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಹನಾನ್ ಪ್ರಾಂತ್ಯದ ಹಳ್ಳಿ ಶಾಲೆಯೊಂದರಲ್ಲಿ 15 ವರ್ಷದ ಹುಡುಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ಉತ್ತರ ತೋಚದೆ ಹಾಳೆಯ ಹಿಂದೆ ಒಂದು ಸಣ್ಣ ಪದ್ಯ ಬರೆದಳು. ನಾನು ಚೀನೀಯಳು, ನನಗೆ ವಿದೇಶಿ ಭಾಷೆ ಯಾಕೆ, ಎಬಿಸಿ ಕಲಿಯದಿದ್ದರೂ ಕ್ರಾಂತಿ ಮುಂದುವರಿಸಬಲ್ಲೆ ಅನ್ನುವ ಅರ್ಥದ ಸಾಲುಗಳು. ಶಾಲೆ ಅವಳನ್ನು ಎಲ್ಲರೆದುರು ನಿಲ್ಲಿಸಿ ಟೀಕಿಸಿತು. ಹುಡುಗಿ ಪ್ರಾಣ ಕಳೆದುಕೊಂಡಳು. ಆಮೇಲೆ ಅವಳ ಸಾವನ್ನೇ ರಾಜಕೀಯದವರು ಎತ್ತಿಕೊಂಡು ಆ ಶಾಲೆಯ ಮೇಷ್ಟ್ರುಗಳನ್ನು ಜೈಲಿಗೆ ಕಳಿಸಿದರು. ದೇಶದ ಉದ್ದಕ್ಕೂ ಇಂಗ್ಲಿಷ್ ಕಲಿಸಲು ಜನ ಹೆದರಿದರು. ಬೇಕಾಗಿದ್ದದ್ದು ಅವಳ ಪಕ್ಕ ಕೂತು ನಿಧಾನಕ್ಕೆ ಹೇಳಿಕೊಡುವ ಒಬ್ಬರು ಮಾತ್ರ.

1977ರ ಡಿಸೆಂಬರಿನಲ್ಲಿ ಗಾವ್‌ಖಾವ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ, ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತುಹೋಗಿದ್ದದ್ದು, ಹತ್ತು ವರ್ಷದ ಮೇಲೆ ಮತ್ತೆ ನಡೆಯಿತು. ಬರೆದವರು ಸುಮಾರು 57 ಲಕ್ಷ, ಸೀಟು ಸಿಕ್ಕಿದ್ದು 2.7 ಲಕ್ಷದಷ್ಟು ಜನಕ್ಕೆ. ಇಂಗ್ಲಿಷ್ ಅಂಕವನ್ನು ಮೆಲ್ಲಮೆಲ್ಲನೆ ಒಳಗೆ ತಂದರು. 1979ರಲ್ಲಿ ಬಂದ ಅಂಕದಲ್ಲಿ ಶೇ. 10 ಮಾತ್ರ ಲೆಕ್ಕಕ್ಕೆ, 1983ರ ಹೊತ್ತಿಗೆ ಪೂರ್ತಿ. ಅಲ್ಲಿಂದ ಇಂಗ್ಲಿಷ್ ಅಂದರೆ ಬದುಕು ಬದಲಿಸುವ ಅಂಕ. ಜನರ ಹಸಿವೂ ಹಾಗೇ ಇತ್ತು. ‘ವಾಯ್ಸ್ ಆಫ್ ಅಮೆರಿಕ’ದ ನಿಧಾನಗತಿಯ ಇಂಗ್ಲಿಷ್ ಸುದ್ದಿಗೆ ರೇಡಿಯೋ ಮುಂದೆ ಕೂರುತ್ತಿದ್ದರು. 1982ರಲ್ಲಿ ಬಿಬಿಸಿಯ ಪಾಠ ಸರಣಿ ಚೀನೀ ಟಿವಿಗೆ ಬಂದಾಗ ಅದನ್ನು ನಡೆಸಿಕೊಟ್ಟ ಕ್ಯಾಥಿ ಫ್ಲವರ್ ಮನೆಮಾತಾದರು. ಶಾಂಘೈಯ ಪೀಪಲ್ಸ್ ಪಾರ್ಕಿನಲ್ಲಿ ಅಪರಿಚಿತರು ವಾರ ವಾರ ಸೇರಿ ಪರಸ್ಪರ ಇಂಗ್ಲಿಷ್ ಮಾತಾಡುತ್ತಿದ್ದರು. ಆ ಜಾಗಕ್ಕೆ ‘ಇಂಗ್ಲಿಷ್ ಮೂಲೆ’ ಅಂತಲೇ ಹೆಸರು. ಬಾಯಿ ಬಿಡುವ ಆಸೆ ಅವರಿಗೆ ಇರಲಿಲ್ಲ ಅಂತ ಯಾರು ಹೇಳಿದ್ದು?

ಆದರೆ ಲಕ್ಷಾಂತರ ಮಕ್ಕಳನ್ನು ಒಂದೇ ದಿನ ಅಳೆಯಬೇಕಾದ ಪರೀಕ್ಷೆಗೆ ಮಾತು ಕೇಳಲು ಪುರುಸೊತ್ತಿಲ್ಲ. ಟಿಕ್ ಹಾಕುವ ಪ್ರಶ್ನೆ ಬೇಕು. ಹೀಗೆ ಬಂದು ನೆಲೆಯೂರಿದ್ದು ‘ವಾನ್‌ಶಿಂಗ್ ಥ್ಯನ್‌ಖೊಂಗ್’. ನಮ್ಮ ‘ಬಿಟ್ಟ ಸ್ಥಳ ತುಂಬಿರಿ’ಯ ದೊಡ್ಡಣ್ಣ ಅನ್ನಿ. ಇಡೀ ಕಥೆಯೊಂದರಲ್ಲಿ ಅಲ್ಲಲ್ಲಿ ಪದ ತೆಗೆದಿರುತ್ತಾರೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಇದರ ಮೂಲ 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕನ್ ಸಂಶೋಧಕ ಕಂಡುಹಿಡಿದ ವಿಧಾನ. ಆತ ಅಳೆಯಹೊರಟಿದ್ದು ಬರಹ ಎಷ್ಟು ಸುಲಭವಾಗಿದೆ ಅಂತ, ಮಕ್ಕಳು ಎಷ್ಟು ಜಾಣರು ಅಂತಲ್ಲ.

ಇದು ಬರೀ ಉರು ಅಂತ ತಿಳಿಯಬೇಡಿ. ಕನ್ನಡದಲ್ಲೇ ಒಂದು ಮಾಡಿ ನೋಡೋಣ. ‘ಅಜ್ಜಿ ಬಾಗಿಲು ____. ಒಳಗೆ ಯಾರೂ ಇದ್ದಂತಿರಲಿಲ್ಲ. ಕೈ ನೋಯತೊಡಗಿತು.’ ಆಯ್ಕೆಗಳು: ತೆರೆದಳು, ಮುಚ್ಚಿದಳು, ತಟ್ಟಿದಳು, ಒರೆಸಿದಳು. ಮೊದಲ ವಾಕ್ಯಕ್ಕೆ ನಾಲ್ಕೂ ಹೊಂದುತ್ತವೆ. ಎರಡನೆಯದು ಓದಿದರೆ ‘ತೆರೆದಳು’ ಅನ್ನಿಸುತ್ತದೆ. ಮೂರನೆಯದಕ್ಕೆ ಬಂದ ಮೇಲೇ ‘ತಟ್ಟಿದಳು’ ಅಂತ ಗಟ್ಟಿಯಾಗುವುದು. ಖಾಲಿ ಜಾಗ ಕಂಡ ಕೂಡಲೇ ಟಿಕ್ ಹಾಕಬೇಡ, ಮೊದಲು ಕೊನೆವರೆಗೂ ಓದು ಅಂತ ಮೇಷ್ಟ್ರು ಹೇಳುವುದು ಇದಕ್ಕೇ. ಚೆನ್ನಾಗಿ ಮಾಡಿಸಿದರೆ ಇದು ಒಳ್ಳೆಯ ಓದಿನ ಪಾಠವೇ.

ಪದಗಳ ಕಥೆ ಬೇರೆ. ನಮ್ಮ ಹಳ್ಳಿಯ ಮಗು ಶಾಲೆ ಮೆಟ್ಟಿಲು ಹತ್ತುವ ಮೊದಲೇ ಬಸ್ಸು, ಪೆನ್ಸಿಲು, ಲೈಟು, ಡಾಕ್ಟರು, ಟಿಕೆಟ್ಟು ಕಲಿತಿರುತ್ತದೆ. ಚೀನೀಯಲ್ಲಿ ಸೋಫಾ, ಕಾಫಿಯಂಥ ಕೆಲವು ಬಿಟ್ಟರೆ ಹೊಸ ವಸ್ತುವಿಗೆ ತಮ್ಮದೇ ಪದ ಕಟ್ಟುತ್ತಾರೆ. ರೈಲು ಅಂದರೆ ಬೆಂಕಿ ಗಾಡಿ, ಕಂಪ್ಯೂಟರ್ ಅಂದರೆ ವಿದ್ಯುತ್ ಮಿದುಳು, ಸಿನಿಮಾ ಅಂದರೆ ವಿದ್ಯುತ್ ನೆರಳು. ಎಷ್ಟು ಚೆಂದ! ಆದರೆ ಇಂಗ್ಲಿಷ್ ಕಲಿಯುವಾಗ ಮಗುವಿನ ಕೈಯಲ್ಲಿ ಪುಡಿಗಾಸೂ ಇರುವುದಿಲ್ಲ. ಗಾವ್‌ಖಾವ್‌ಗೆ ಬೇಕಾದ ಸುಮಾರು 3,500 ಪದಗಳನ್ನು ಬಹುಪಾಲು ಸೊನ್ನೆಯಿಂದಲೇ ಕೂಡಿಡಬೇಕು. ಹಾಗಾಗಿ ಪದಪಟ್ಟಿಯ ಪುಸ್ತಕಗಳು. 1993ರಲ್ಲಿ ಯು ಮಿನ್‌ಹೊಂಗ್ ಬೀಜಿಂಗ್‌ನಲ್ಲಿ ಶುರು ಮಾಡಿದ ನ್ಯೂ ಓರಿಯಂಟಲ್ ಕೋಚಿಂಗ್ ಸಂಸ್ಥೆಯ ಕೆಂಪು ರಟ್ಟಿನ ಪದಪುಸ್ತಕಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಕೆಂಪು ರತ್ನ ಪುಸ್ತಕ’. ಒಂದು ತಲೆಮಾರು ಹಿಂದೆ ಅದು ಮಾವೋ ಸೂಕ್ತಿಗಳ ಪುಸ್ತಕದ ಅಡ್ಡಹೆಸರಾಗಿತ್ತು. ಪಟ್ಟಿಗಳು ಅಕಾರಾದಿಯಾಗಿ ಇರುವುದರಿಂದ ಮೊದಮೊದಲೇ ಸಿಗುವ ಪದ ‘ಅಬ್ಯಾಂಡನ್’. ಕೈಬಿಡು ಅಂತ ಅರ್ಥ. ಚೀನಾದಲ್ಲಿ ಇಂಗ್ಲಿಷ್ ಓದಿದವರಿಗೆ ಮಿಕ್ಕಿದ್ದೆಲ್ಲ ಮರೆತರೂ ಇದೊಂದು ನೆನಪಿರುತ್ತದೆ.

2001ರಲ್ಲಿ ಇಂಗ್ಲಿಷ್ ಮೂರನೇ ತರಗತಿಗೆ ಇಳಿಯಿತು. ಕೋಚಿಂಗ್ ಹುಚ್ಚು ಹೊಳೆಯಂತೆ ಹರಿಯಿತು. 2021ರ ಜುಲೈಯಲ್ಲಿ ಸರ್ಕಾರ ಹೋಮ್‌ವರ್ಕ್ ಮತ್ತು ಕೋಚಿಂಗ್ ಎರಡಕ್ಕೂ ಲಗಾಮು ಹಾಕಿತು. ಇಷ್ಟು ಇಂಗ್ಲಿಷ್ ಬೇಕಾ ಅನ್ನುವ ಚರ್ಚೆ ಅಲ್ಲಿ ಆಗಾಗ ಏಳುತ್ತಲೇ ಇದೆ. ಗಾವ್‌ಖಾವ್‌ನಲ್ಲಿ ಮಾತ್ರ ಅದಕ್ಕೆ ಇನ್ನೂ 150 ಅಂಕ, ಚೀನೀ ಭಾಷೆ ಮತ್ತು ಗಣಿತದ ಸಮಕ್ಕೆ.

ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಈಗ ಒಂದು ಹೊಸ ಪ್ರಶ್ನೆ ಬಂದಿದೆ. 2016ರಲ್ಲಿ ಜೆಜಿಯಾಂಗ್ ಪ್ರಾಂತ್ಯದಲ್ಲಿ ಶುರುವಾಗಿ ಬೇರೆ ಕಡೆಗೂ ಹರಡಿದೆ. ಸುಮಾರು 350 ಪದದ ಕಥೆ ಕೊಟ್ಟಿರುತ್ತಾರೆ, ಅರ್ಧಕ್ಕೆ ನಿಂತಿರುತ್ತದೆ. ಕೆಳಗೆ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಇರುತ್ತದೆ. ಉಳಿದದ್ದನ್ನು ಮಗು 150 ಪದದಷ್ಟು ಬರೆದು ಕಥೆ ಮುಗಿಸಬೇಕು. ಅದಕ್ಕೂ ಬಾಯಿಪಾಠದ ವಾಕ್ಯಗಳು ಮಾರಾಟಕ್ಕೆ ಬಂದಿವೆ: ಅಳುವುದಕ್ಕೆ ಒಂದಿಷ್ಟು, ಓಡುವುದಕ್ಕೆ ಒಂದಿಷ್ಟು, ಸೂರ್ಯ ಮುಳುಗುವುದಕ್ಕೆ ಒಂದಿಷ್ಟು. ಆದರೂ ಈ ಖಾಲಿ ಜಾಗದ ಪಕ್ಕದಲ್ಲಿ ನಾಲ್ಕು ಆಯ್ಕೆಗಳಿಲ್ಲ. ಬರೀ ಗೆರೆಗಳಿವೆ.