ಹಿರಿಯರ ಮಾತನ್ನು ಮಗು ಮೀರಿದರೆ ಅದು ಪಾಪವೇ?

ಪ್ರಶ್ನೆ: ‘ತಂದೆತಾಯಿಗಳ ಮಾತು ಕೇಳಬೇಕು’ ಎಂದು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರೇ ತಪ್ಪು ಕೆಲಸ ಮಾಡೆಂದು ಹೇಳಿದಾಗ ಮಗು ಒಲ್ಲೆನೆಂದರೆ ದೇವರ ಆಜ್ಞೆಯನ್ನು ಮೀರಿದಂತಾಗುತ್ತದೆಯೇ?

ಆಗುವುದಿಲ್ಲ. ಸುಳ್ಳು ಹೇಳು, ಕದ್ದು ತಾ, ಇನ್ನೊಬ್ಬರಿಗೆ ಕೇಡು ಮಾಡು ಎಂದು ಹೆತ್ತ ತಂದೆಯೇ ಹೇಳಿದರೂ ಆ ಮಾತನ್ನು ನಡೆಸಬಾರದೆಂಬುದೇ ಕ್ರೈಸ್ತ ಬೋಧನೆ. ಇದು ಇತ್ತೀಚಿನ ಸಡಿಲಿಕೆ ಎಂದು ಕೆಲವರು ಭಾವಿಸುವುದುಂಟು. ಆದರೆ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವು ವಿಧೇಯತೆಯನ್ನು ಹೇಳುವಾಗಲೇ ‘ಕರ್ತನಲ್ಲಿ’, ಅಂದರೆ ದೇವರಿಗೆ ಒಪ್ಪುವ ಮಟ್ಟಿಗೆ, ಎಂಬ ಎಲ್ಲೆಯನ್ನೂ ಹಾಕಿದೆ, ಮತ್ತು ನಾಲ್ಕನೆಯ ವಚನದಲ್ಲಿ ತಂದೆಗಳ ಕಡೆಗೆ ತಿರುಗಿ, ಮಕ್ಕಳನ್ನು ಕೆರಳಿಸಬೇಡಿರೆಂದು ಎಚ್ಚರಿಸುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ‘ಎಲ್ಲಾ ವಿಷಯಗಳಲ್ಲಿ’ ವಿಧೇಯರಾಗಿರಬೇಕೆಂಬ ಮಾತಿದೆ, ನಿಜ. ಆದರೆ ಅದನ್ನು ಎತ್ತಿ ಹೇಳುವವರು ಅದರ ಮರುವಚನವನ್ನು ಓದುವುದು ಅಪರೂಪ. ಮಕ್ಕಳು ಮನಗುಂದುವಂತೆ ತಂದೆಗಳು ಅವರನ್ನು ಕೆಣಕಬಾರದೆಂದು ಅಲ್ಲಿಯೂ ಹೇಳಿದೆ.

ಈ ವಿಷಯದಲ್ಲಿ ಪಂಗಡಗಳ ನಡುವೆ ದೊಡ್ಡ ಭೇದವಿಲ್ಲ. ತಂದೆತಾಯಿಗಳು ದೇವರ ಕಟ್ಟಳೆಯನ್ನು ಮೀರಲು ಪ್ರೇರೇಪಿಸಿದರೆ ಆ ಮಟ್ಟಿಗೆ ಅವರನ್ನು ಪರಕೀಯರೆಂದೇ ಎಣಿಸಬೇಕೆಂದು 16ನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಕಟುವಾಗಿಯೇ ಬರೆದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2217ನೆಯ ಪರಿಚ್ಛೇದವು, ಮನೆಯಲ್ಲಿರುವ ಮಗು ತನ್ನ ಮತ್ತು ಕುಟುಂಬದ ಒಳಿತಿಗಾಗಿ ಹೇಳಿದ್ದನ್ನು ಕೇಳಬೇಕು, ಶಿಕ್ಷಕರ ಸಮಂಜಸವಾದ ಸೂಚನೆಗಳನ್ನೂ ಪಾಲಿಸಬೇಕು, ಆದರೆ ಒಂದು ಆಜ್ಞೆಯನ್ನು ನಡೆಸುವುದು ನೈತಿಕವಾಗಿ ತಪ್ಪೆಂದು ಮನಸ್ಸಾಕ್ಷಿಗೆ ಖಚಿತವಾದರೆ ಅದನ್ನು ನಡೆಸಕೂಡದು ಎಂದು ಹೇಳುತ್ತದೆ. ಮಕ್ಕಳು ಬೆಳೆದು ಸ್ವತಂತ್ರರಾದ ಮೇಲೆ ವಿಧೇಯತೆಯ ಕಟ್ಟು ಮುಗಿಯುತ್ತದೆ, ಗೌರವ ಮಾತ್ರ ಮುಗಿಯುವುದಿಲ್ಲ ಎಂಬುದೂ ಅಲ್ಲಿಯೇ ಇದೆ.

ಆಜ್ಞೆಯನ್ನು ನಿರಾಕರಿಸಿಯೂ ಗೌರವವನ್ನು ಉಳಿಸಿಕೊಳ್ಳುವುದು ಹೇಗೆಂದು ಕೇಳುವವರು ಬೈಬಲಿನ ಯೋನಾತಾನನ ಕಥೆಯನ್ನು ಓದಬೇಕು. ಯೋನಾತಾನನ ಗೆಳೆಯ ದಾವೀದನನ್ನು ಕೊಲ್ಲಬೇಕೆಂದು ಅರಸನಾದ ಸೌಲನು ಮಗನಿಗೇ ಹೇಳಿದಾಗ, ಯೋನಾತಾನನು ಮೊದಲು ದಾವೀದನಿಗೆ ಅಡಗಿಕೊಳ್ಳಲು ಹೇಳಿದನು, ಆಮೇಲೆ ತಂದೆಯ ಎದುರು ನಿಂತು, ನಿರಪರಾಧಿಯ ರಕ್ತವನ್ನು ಚೆಲ್ಲಿ ಏಕೆ ಪಾಪಕ್ಕೆ ಒಳಗಾಗುವೆ ಎಂದು ಕೇಳಿದನು. ಮುಂದೊಮ್ಮೆ ಸೌಲನು ಅವನ ಮೇಲೆಯೇ ಈಟಿಯನ್ನು ಎಸೆದನು. ಆದರೂ ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಯೋನಾತಾನನು ಮಡಿದದ್ದು ಅದೇ ತಂದೆಯ ಪಾಳೆಯದಲ್ಲಿ. ಅವನು ಒಲ್ಲೆನೆಂದದ್ದು ಕೊಲೆಗೆ. ತಂದೆಯನ್ನು ಅವನು ತೊರೆಯಲಿಲ್ಲ. ಹಾಗೆಂದು ಹೋಂವರ್ಕ್ ಮಾಡದಿರುವುದಕ್ಕೂ ಮೊಬೈಲ್ ಬಿಡದಿರುವುದಕ್ಕೂ ಮನಸ್ಸಾಕ್ಷಿಯ ಹೆಸರು ಹೇಳಲಾಗದು. ಬೇಸರ ತರುವ ಆಜ್ಞೆ ಬೇರೆ, ಪಾಪಕ್ಕೆ ತಳ್ಳುವ ಆಜ್ಞೆ ಬೇರೆ.

ಆದರೆ ಯೋನಾತಾನನು ಯುದ್ಧಗಳನ್ನು ಗೆದ್ದ ಯುವಕನಾಗಿದ್ದನೆಂಬುದನ್ನು ಮರೆಯಬಾರದು. ಏಳು ವರ್ಷ ತುಂಬಿದ ಮಗುವಿಗೆ ವಿವೇಚನೆ ಬಂದಿದೆಯೆಂದು ಕಥೋಲಿಕ ಧರ್ಮಸಭೆಯ ಕಾನೂನು ಭಾವಿಸುತ್ತದೆ. ಆ ವಯಸ್ಸಿನ ಮಗು, ತಾನು ನಂಬಿದ ಹಿರಿಯನ ಮಾತನ್ನು ತೂಗಿ ನೋಡಿ, ಧೈರ್ಯವಾಗಿ ಒಲ್ಲೆನೆನ್ನಬೇಕೆಂದು ನಿರೀಕ್ಷಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಮೊದಲ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯೂನಿಯನ್) ಸಿದ್ಧವಾಗುವ ಮಕ್ಕಳಿಗೆ, ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಮುನ್ನ, ‘ಹಿರಿಯರಿಗೆ ಅವಿಧೇಯನಾದೆನೇ’ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲು ಕಲಿಸುತ್ತಾರೆ. ಯಾವ ಮಾತನ್ನು ಕೇಳಬಾರದೆಂದು ಅದರ ಜೊತೆಯಲ್ಲೇ ಕಲಿಸದಿದ್ದರೆ, ಸಂಬಂಧಿಕರಾಗಲಿ ಫಾದರ್ ಆಗಲಿ ಪಾಸ್ಟರ್ ಆಗಲಿ ಮೈಮುಟ್ಟಿ, ‘ಇದನ್ನು ಯಾರಿಗೂ ಹೇಳಬೇಡ’ ಎಂದಾಗ, ಬಾಯಿ ಬಿಡುವುದೇ ಪಾಪವೆಂದು ಮಗು ತಿಳಿಯುವ ಅಪಾಯವಿದೆ. ಅಂಥ ಮಾತಿಗೆ ದೈವಿಕವಾದ ಯಾವ ಅಧಿಕಾರವೂ ಇಲ್ಲ. ಹೆದರಿ ಒಪ್ಪಿಕೊಂಡ ಮಗುವಿನ ಮೇಲೆ ದೋಷವೂ ಇಲ್ಲ. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸೆಂದು ಯೇಸು ಹೇಳಿದ್ದು ದೊಡ್ಡವರನ್ನು ಕುರಿತು.

ಆದ್ದರಿಂದ ಹೊಣೆ ಇರುವುದು ಮಗುವಿನ ದೂರನ್ನು ಕೇಳಿಸಿಕೊಳ್ಳುವ ದೊಡ್ಡವರ ಮೇಲೆ. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾವ ವ್ಯಕ್ತಿಯೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಕ್ರೈಸ್ತ ಸಭೆಯ ಮಾನ ಹೋಗುತ್ತದೆಂಬ ಹಿಂಜರಿಕೆಗೆ ಅಲ್ಲಿ ಎಡೆಯಿಲ್ಲ. ಸಂಡೇ ಸ್ಕೂಲಿನಲ್ಲಿ ಎಫೆಸದ ಪತ್ರಿಕೆಯ ಮೊದಲ ವಚನವನ್ನು ಬಾಯಿಪಾಠ ಮಾಡಿಸುವ ದಿನವೇ ನಾಲ್ಕನೆಯದನ್ನೂ ಮಾಡಿಸಿ, ಹೆದರಿಕೆಯಾದಾಗ ಯಾರ ಬಳಿ ಹೋಗಬೇಕೆಂದು ಹೆಸರು ಹಿಡಿದು ಹೇಳಿಕೊಡಿ, ಮತ್ತು ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಅವರ ಪುಸ್ತಕದಲ್ಲಿ ಬರೆಸಿ.