ರಾಯಚೂರಿನ ನೀರು, ರಾಯಚೂರಿನ ಬಿಸಿಲು: ಎರಡಡಿ ಅಕ್ವೇರಿಯಂಗೆ ಮೀನು ಆರಿಸುವ ಟಿಪ್ಪಣಿ

ಮೀನು ಸಾಕಲು ಶುರು ಮಾಡುವವರು ಮೊದಲು ಕೇಳುವುದು ಒಂದೇ ಮಾತು: ಯಾವ ಮೀನಿನ ಜೊತೆ ಯಾವ ಮೀನು ಬಿಡಬಹುದು? ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಮೂರು ಬೇಸಿಗೆ ಕಳೆದ ಮೇಲೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಗೊತ್ತಾಯಿತು. ನಮ್ಮ ಮನೆಯ ನೀರಿಗೆ ಯಾವ ಮೀನು ಹೊಂದುತ್ತದೆ?

ಮೊದಲ ವರ್ಷ ಏಪ್ರಿಲ್‌ನಲ್ಲಿ ಹತ್ತು ನಿಯಾನ್ ಟೆಟ್ರಾ ತಂದೆ. ನೀಲಿ ಗೆರೆ, ಕೆಂಪು ಬಾಲ, ನೋಡಲು ಬಹಳ ಚಂದ. ಎರಡು ವಾರದಲ್ಲಿ ಒಂದೊಂದಾಗಿ ಎಲ್ಲವೂ ಸತ್ತವು. ಒಂದೂ ಜಗಳ ಆಡಿರಲಿಲ್ಲ, ಮೈಮೇಲೆ ಗಾಯ ಇರಲಿಲ್ಲ. ತಿಳಿಯದೆ ಆ ಜೀವಗಳಿಗೆ ಅನ್ಯಾಯ ಮಾಡಿದೆ ಅನ್ನುವ ಬೇಸರ ಇವತ್ತಿಗೂ ಇದೆ. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಮೊದಲು ನೀರು

ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ಹಳ್ಳಗಳ ಮೀನು. ಅಲ್ಲಿ ವರ್ಷವಿಡೀ ಮಳೆ, ನೀರಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಬಿದ್ದ ಎಲೆ ನೆನೆದು ನೀರು ಸ್ವಲ್ಪ ಹುಳಿ. ನಮ್ಮಲ್ಲಿ? ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಇದನ್ನೇ ಗಡಸು ನೀರು ಅನ್ನುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದೆ ಅಂತ ಅರ್ಥ. ಬೇಳೆ ಬೇಯದ ನೀರಿನಲ್ಲಿ ನಿಯಾನ್ ಬಿಡಬೇಡಿ, ಅಷ್ಟು ನೆನಪಿಟ್ಟರೆ ಸಾಕು.

ಅಂಕಿ ಬೇಕು ಅನ್ನುವವರಿಗೆ ಹೇಳುತ್ತೇನೆ. ಗಡಸುತನವನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200 ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಮೀನಿನ ಪುಸ್ತಕಗಳಲ್ಲಿ ಡಿಗ್ರಿ ಲೆಕ್ಕ ಇರುತ್ತದೆ. ಒಂದು ಡಿಗ್ರಿ ಅಂದರೆ ಸುಮಾರು 17.8 ಮಿಲಿಗ್ರಾಂ. ನಮ್ಮ ಮನೆಯ ಬೋರ್ ನೀರು 400 ತೋರಿಸಿತು, ಅಂದರೆ 22 ಡಿಗ್ರಿ. ಪಿಎಚ್ (ನೀರು ಎಷ್ಟು ಹುಳಿ ಅಂತ ಹೇಳುವ ಅಂಕಿ, 7ಕ್ಕಿಂತ ಕೆಳಗಿದ್ದರೆ ಹುಳಿ) 8. ನಿಯಾನ್‌ಗೆ ಬೇಕಾಗಿದ್ದು 10 ಡಿಗ್ರಿಯ ಒಳಗಿನ ನೀರು, ಪಿಎಚ್ 7ಕ್ಕಿಂತ ಕೆಳಗೆ.

ಹಾಗಂತ ಬೇಜಾರು ಬೇಡ. ಗಡಸು ನೀರನ್ನೇ ಇಷ್ಟಪಡುವ ಮೀನುಗಳೂ ಇವೆ. ಗಪ್ಪಿ, ಪ್ಲ್ಯಾಟಿ, ಮೋಲಿ ಈ ಮೂರೂ ಮರಿ ಹಾಕುವ ಜಾತಿ, ಮೂರಕ್ಕೂ ಸುಣ್ಣದ ನೀರು ಒಗ್ಗುತ್ತದೆ. ಮೆದು ನೀರಿನಲ್ಲಿಟ್ಟರೆ ಮೋಲಿ ಸೊರಗುತ್ತದೆ. ನಮ್ಮ ರಾಜ್ಯದಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಅಷ್ಟು ಗಟ್ಟಿ ಜೀವ ಅದು.

ಆಮೇಲೆ ಬಿಸಿಲು

ನಮ್ಮೂರಲ್ಲಿ ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸದೇನಲ್ಲ. ಪಡುವಣ ಗೋಡೆಗೆ ಒರಗಿಸಿಟ್ಟ ನನ್ನ ಟ್ಯಾಂಕಿನ ನೀರು ಒಂದು ಮಧ್ಯಾಹ್ನ 33 ತೋರಿಸಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಹಿಡಿಯುವ ನೀರು, 30ರಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ, ಏಕೆಂದರೆ ಬಿಸಿ ನೀರಿನಲ್ಲಿ ಅದರ ಮೈಯೊಳಗಿನ ಕೆಲಸವೂ ಜೋರಾಗಿ ನಡೆಯುತ್ತದೆ. ಇರುವುದು ಕಡಿಮೆ, ಬೇಕಾಗಿದ್ದು ಜಾಸ್ತಿ. ಬೇಸಿಗೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ.

ಗೋಲ್ಡ್ ಫಿಶ್ ತಂಪು ನೀರಿನ ಮೀನು, ಜೊತೆಗೆ ಗಲೀಜೂ ಜಾಸ್ತಿ ಮಾಡುತ್ತದೆ. ಚಿಕ್ಕ ಟ್ಯಾಂಕಿಗೆ, ಅದರಲ್ಲೂ ರಾಯಚೂರಿನ ಬೇಸಿಗೆಗೆ, ನಾನು ಯಾರಿಗೂ ಹೇಳುವುದಿಲ್ಲ. ಹನಿ ಗೌರಾಮಿ ಮಾತ್ರ ಬೇರೆ. ಇದು ಗಂಗೆ, ಬ್ರಹ್ಮಪುತ್ರದ ಬಯಲಿನ ಮೀನು, ನಮ್ಮ ದೇಶದ್ದೇ. ಕಿವಿರಿನ ಹತ್ತಿರ ಇದಕ್ಕೆ ಗಾಳಿ ಉಸಿರಾಡುವ ಇನ್ನೊಂದು ಅಂಗ ಇದೆ. ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತದೆ. ಸ್ವಭಾವವೂ ಮೆದು.

ಟ್ಯಾಂಕನ್ನು ತಂಪಾಗಿಡಲು ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡಿ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಆವಿಯಿಂದ, ಇಲ್ಲೂ ಅದೇ ಕೆಲಸ ನಡೆಯುತ್ತದೆ. ನಮ್ಮದು ಒಣ ಗಾಳಿ ಆದ್ದರಿಂದ ನನಗೆ 3 ಡಿಗ್ರಿ ಇಳಿಯಿತು. ಐಸ್ ಹಾಕಬೇಡಿ, ಒಮ್ಮೆಲೇ ಇಳಿದು ಮತ್ತೆ ಏರುವುದು ಮೀನಿಗೆ ಬಿಸಿಗಿಂತ ಕಷ್ಟ.

ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. 45 ಲೀಟರ್ ಟ್ಯಾಂಕಿಗೆ ದಿನಕ್ಕೆ ಒಂದು ಲೀಟರಿನಂತೆ ತಿಂಗಳಿಗೆ 30 ಲೀಟರ್ ಬೋರ್ ನೀರು ಸುರಿದರೆ, 400 ಇದ್ದ ಗಡಸುತನ 660ರ ಮೇಲೆ ಹೋಗುತ್ತದೆ. ಅದಕ್ಕೇ ಕಡಿಮೆಯಾದ ನೀರು ತುಂಬಲು ಶುದ್ಧ ನೀರಿನ ಘಟಕದ ಆರ್‌ಒ ಕ್ಯಾನ್ ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ. ಬರೀ ಆರ್‌ಒ ನೀರಿನಲ್ಲೂ ಮೀನು ಇಡಬಾರದು. ಅದರಲ್ಲಿ ಖನಿಜ ಬಹಳ ಕಡಿಮೆ, ಪಿಎಚ್ ನಿಲ್ಲುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಬಿಡಿ.

ಅಮೋನಿಯಾ: ಇದನ್ನು ನಿಧಾನವಾಗಿ ಓದಿ

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯಾ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟು ಅಪಾಯ ಮಾಡುವುದಿಲ್ಲ, ಅಮೋನಿಯಾ ರೂಪ ವಿಷ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ 0.6ರಷ್ಟು ಮಾತ್ರ ವಿಷದ ರೂಪ. ಪಿಎಚ್ 8 ಆದರೆ ಅದು ಶೇಕಡಾ 5 ದಾಟುತ್ತದೆ. ಬಿಸಿ 30ಕ್ಕೆ ಏರಿದರೆ ಶೇಕಡಾ 7ಕ್ಕೂ ಮೇಲೆ. ಅಂದರೆ ಅಷ್ಟೇ ಮೀನು, ಅಷ್ಟೇ ಗಲೀಜು ಇದ್ದರೂ ನಮ್ಮ ನೀರಿನಲ್ಲಿ ವಿಷ ಹತ್ತು ಪಟ್ಟಿಗಿಂತ ಜಾಸ್ತಿ. ತಂಪು ಊರಿನವರು ಹದಿನೈದು ಮೀನು ಸಾಕಿದ ಟ್ಯಾಂಕಿನಲ್ಲಿ ನಾವು ಎಂಟಕ್ಕೆ ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಮೀನಿಲ್ಲದೆ ಕಾಯಬೇಕು. ನನ್ನ ನಿಯಾನ್‌ಗಳು ಬಂದಾಗ ಟ್ಯಾಂಕಿಗೆ ಮೂರೇ ದಿನ ಆಗಿತ್ತು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಈಗ ಜೊತೆಗಾರರು

ನೀರಿಗೆ ಹೊಂದುವ ಮೀನುಗಳಲ್ಲೂ ಒಂದಕ್ಕೊಂದು ಆಗದವು ಇವೆ. ಬಾಯಲ್ಲಿ ಹಿಡಿಸುವುದನ್ನೆಲ್ಲ ದೊಡ್ಡ ಮೀನು ತಿನ್ನುತ್ತದೆ. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿರುವ ಏಂಜಲ್ 15 ಸೆಂಟಿಮೀಟರ್ ಬೆಳೆದು ಸಣ್ಣ ಮೀನುಗಳನ್ನು ನುಂಗುತ್ತದೆ. ಗಂಡು ಫೈಟರ್ ಕಣ್ಣಿಗೆ ಗಪ್ಪಿಯ ಅಗಲ ಬಾಲ ಇನ್ನೊಂದು ಫೈಟರ್‌ನಂತೆ ಕಾಣಬಹುದು, ಹಾಗಾಗಿ ಫೈಟರ್ ಒಂಟಿಯಾಗಿಯೇ ಇರಲಿ. ಟೈಗರ್ ಬಾರ್ಬ್ ಉದ್ದ ರೆಕ್ಕೆ ಕಂಡರೆ ಕಚ್ಚುತ್ತದೆ. ಜೀಬ್ರಾ ಡ್ಯಾನಿಯೋ ಒಳ್ಳೆಯದೇ, ಆದರೆ ಆರು ಇರಬೇಕು, ಓಡಾಟ ಜಾಸ್ತಿ, ಉದ್ದ ಬಾಲದ ಗಪ್ಪಿಗೆ ಕಿರಿಕಿರಿ.

ಇನ್ನು ಸಕ್ಕರ್. ಗಲೀಜು ತಿಂದು ಟ್ಯಾಂಕ್ ಕ್ಲೀನ್ ಮಾಡುತ್ತೆ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಪಾಚಿ ತಿನ್ನುತ್ತದೆ ನಿಜ, ಮೀನಿನ ಹಿಕ್ಕೆ ತಿನ್ನುವುದಿಲ್ಲ, ತಾನೇ ರಾಶಿ ಹಾಕುತ್ತದೆ. ಒಂದು ಅಡಿಗಿಂತ ಉದ್ದ ಬೆಳೆಯುವ ಮೀನು ಒಂದಡಿ ಅಗಲದ ಟ್ಯಾಂಕಿನಲ್ಲಿ ತಿರುಗುವುದು ಹೇಗೆ? ಅಂಗಡಿಯಲ್ಲಿ ಕಾಣುವ ಅಳತೆ ಮರಿಯದು. ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟು ಆಗುತ್ತದೆ. ಹಾಗಾಗಿ ಇಷ್ಟು ಲೀಟರಿಗೆ ಇಷ್ಟು ಇಂಚು ಅನ್ನುವ ಲೆಕ್ಕ ಸಣ್ಣ ಮೀನಿಗೆ ಮಾತ್ರ ಸರಿ.

ಗಪ್ಪಿಯಲ್ಲಿ ಇನ್ನೊಂದು ವಿಷಯ. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದರೆ ಸಾಕು, ಬೇರೆ ಇಟ್ಟರೂ ತಿಂಗಳುಗಟ್ಟಲೆ ಮರಿ ಬರುತ್ತಲೇ ಇರುತ್ತವೆ. ಚಿಕ್ಕ ಟ್ಯಾಂಕಿಗೆ ಗಂಡು ಗಪ್ಪಿ ಮಾತ್ರ ತನ್ನಿ.

ನನ್ನ 60 ಸೆಂಟಿಮೀಟರ್ ಟ್ಯಾಂಕಿನಲ್ಲಿ ಈಗ ಆರು ಗಂಡು ಗಪ್ಪಿ, ಎರಡು ಹನಿ ಗೌರಾಮಿ, ತಳದಲ್ಲಿ ಎರಡು ಆಪಲ್ ಬಸವನಹುಳು ಇವೆ. ಚಿಪ್ಪು ಕಟ್ಟಿಕೊಳ್ಳಲು ಬಸವನಹುಳುವಿಗೆ ಸುಣ್ಣ ಬೇಕು, ನಮ್ಮ ನೀರು ಅದಕ್ಕೆ ವರ. ತಳಕ್ಕೆ ಕೋರಿಡೋರಸ್ ಅನ್ನುವ ಸಣ್ಣ ಮೀನು ಇಡುವ ಆಸೆ ಇತ್ತು. ಅವು ಆರಾದರೂ ಒಟ್ಟಿಗೆ ಇರಬೇಕು, ಅಂಗಡಿಯಲ್ಲಿ ಸಿಗುವ ಹೆಚ್ಚಿನ ಜಾತಿಗಳಿಗೆ ನೀರಿನ ಬಿಸಿ 28 ಡಿಗ್ರಿ ದಾಟಿದರೆ ಕಷ್ಟ. ಹಾಗಾಗಿ ಬಿಟ್ಟೆ.

ಮೀನುಗಳನ್ನು ಒಂದೇ ದಿನ ತರಬೇಡಿ. ಮೊದಲು ಮೂರು ಗಪ್ಪಿ, ಎರಡು ವಾರದ ಮೇಲೆ ಉಳಿದ ಮೂರು, ಗೌರಾಮಿ ಕೊನೆಗೆ. ಕವರನ್ನು ಇಪ್ಪತ್ತು ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಬೆರೆಸಿ, ಆಮೇಲೆ ಬಲೆಯಿಂದ ಮೀನು ಮಾತ್ರ ಎತ್ತಿ ಬಿಡಿ. ಕರೆಂಟ್ ಹೋಗುವ ಬಡಾವಣೆಯಾದರೆ ಸೆಲ್ ಹಾಕುವ ಏರ್ ಪಂಪ್ ಒಂದು ಇರಲಿ.

ಸಾಕಲಾಗದ ಮೀನನ್ನು ಕೆರೆಗಾಗಲಿ, ತುಂಗಭದ್ರಾ ಎಡದಂಡೆ ಕಾಲುವೆಗಾಗಲಿ ಬಿಡಬೇಡಿ. ಸಕ್ಕರ್ ದೇಶದ ಅನೇಕ ಕೆರೆ, ನದಿಗಳಲ್ಲಿ ಹೀಗೇ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ, ನಮ್ಮ ಮೀನುಗಳ ಜಾಗ ಹಿಡಿಯುತ್ತಿದೆ. ತಂದ ಅಂಗಡಿಗೇ ವಾಪಸ್ ಕೊಡಿ. ಅವರು ತೆಗೆದುಕೊಳ್ಳದಿದ್ದರೆ ದೊಡ್ಡ ಟ್ಯಾಂಕ್ ಇರುವವರನ್ನು ಕೇಳಿ, ಒಬ್ಬರಾದರೂ ಸಿಗುತ್ತಾರೆ.